ಹದಿಮೂರು ವರ್ಷ ಕಾದ ಊರಿಗೆ ಬಂದ ಎರಡು ಹಿರಿಯ ಜೋಡಿಗಳು

1978ರ ನವೆಂಬರ್ 21. ನೈಜೀರಿಯಾದ ಆಗ್ನೇಯ ಭಾಗ, ಓವೆರಿ ಪಟ್ಟಣದಿಂದ ಸ್ವಲ್ಪ ದೂರದ ಇಗ್ಬೊ ಹಳ್ಳಿಗಳ ನಡುವೆ ಎಕೆಯೊನುಮಿರಿ ಎಂಬ ಹೊಳೆ. ಅವತ್ತು ಅಲ್ಲಿ 19 ಜನ ಒಬ್ಬೊಬ್ಬರಾಗಿ ನೀರಿಗಿಳಿದು ದೀಕ್ಷಾಸ್ನಾನ ಪಡೆದರು. ಮೊದಲು ಇಳಿದವರು ಆಂಥೊನಿ ಒಬಿನ್ನಾ, ಊರಿನ ಶಾಲಾ ಮೇಷ್ಟ್ರು. ದೀಕ್ಷೆ ಕೊಡಲು ಅಮೆರಿಕದಿಂದ ಬಂದಿದ್ದವರು ಪಾದ್ರಿಗಳಲ್ಲ, ಸಂಬಳದವರೂ ಅಲ್ಲ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಎರಡು ಜೋಡಿ ಗಂಡ ಹೆಂಡತಿ.

ರೆಂಡೆಲ್ ಮೇಬಿ ಅವರಿಗೆ ಆಗ 70 ವರ್ಷ. ವಕೀಲರಾಗಿದ್ದವರು, ಯೂಟಾ ರಾಜ್ಯದ ಶಾಸನಸಭೆಯಲ್ಲಿ ಸ್ಪೀಕರ್ ಆಗಿದ್ದವರು. ಜೊತೆಗೆ ಹೆಂಡತಿ ರೇಚಲ್. ಇನ್ನೊಂದು ಜೋಡಿ ಎಡ್ವಿನ್ ಕ್ಯಾನನ್ ಮತ್ತು ಜನಾಥ್ ಕ್ಯಾನನ್, ಇಬ್ಬರೂ 60ರ ಆಸುಪಾಸಿನವರು. ಎಡ್ವಿನ್ ಅವರನ್ನು ಎಲ್ಲರೂ ಟೆಡ್ ಕ್ಯಾನನ್ ಎಂದೇ ಕರೆಯುತ್ತಿದ್ದರು. ನಾಲ್ವರೂ ಮಾರ್ಮನ್ ಎಂಬ ಕ್ರೈಸ್ತ ಸಭೆಯವರು. ಸಭೆಯ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ‘ಮಾರ್ಮನ್’ ಎಂಬ ಅಡ್ಡಹೆಸರು ಬೇಡ ಅಂತ 2018ರಲ್ಲಿ ಸಭೆಯ ಅಧ್ಯಕ್ಷರೇ ಕೇಳಿಕೊಂಡಿದ್ದಾರೆ. ಈ ಕಥೆ ನಡೆದ ಕಾಲದಲ್ಲಿ ಅದೇ ಹೆಸರು ಚಾಲ್ತಿಯಲ್ಲಿತ್ತು. ಹಾಗಾಗಿ ಇಲ್ಲಿ ಅದನ್ನೇ ಬಳಸುತ್ತೇನೆ.

ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಇಬ್ಬಿಬ್ಬರಾಗಿ ನಡೆದು ಹೋಗುವ ಹುಡುಗರು. ಮಾರ್ಮನ್ ಮಿಷನರಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆ ಚಿತ್ರ. ಬೆಂಗಳೂರಿನಲ್ಲೂ 1993ರಿಂದ ಅವರ ಮಿಷನ್ ಇದೆ, ಕೆಲವರಾದರೂ ನೋಡಿರುತ್ತೀರಿ. ಅದೇ ಪಟ್ಟಿ ಹಾಕಿಕೊಂಡ ಅಜ್ಜ ಅಜ್ಜಿಯರ ಬಗ್ಗೆ ಮಾತಾಡುವವರು ಕಡಿಮೆ. ನೈಜೀರಿಯಾ ಮತ್ತು ಘಾನಾದಲ್ಲಿ ಈ ಸಭೆಯನ್ನು ಊರಿದವರು ಮಾತ್ರ ಹುಡುಗರಲ್ಲ, ಅಂಥ ಹಿರಿಯರೇ. ಯಾಕೆ ಹಿರಿಯರನ್ನು ಕಳಿಸಿದರು, ಅವರು ದಿನವಿಡೀ ಏನು ಮಾಡಿದರು, ಅವರು ವಾಪಸ್ ಹೋದ ಮೇಲೆ ಏನು ಉಳಿಯಿತು, ಎಲ್ಲಿ ಎಡವಿದರು? ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ ಪ್ರಶ್ನೆಗಳು ಇವು.

ಕಾಯುತ್ತಿದ್ದವರು

ಕಥೆ ಶುರುವಾಗುವುದು ಆ ನಾಲ್ವರಿಂದ ಅಲ್ಲ. ಒಬಿನ್ನಾ ಮೇಷ್ಟ್ರಿಗೆ 1965ರಲ್ಲಿ ಒಂದು ಕನಸು ಬಿತ್ತು. ಎತ್ತರದ ಮನುಷ್ಯನೊಬ್ಬ ಅವರನ್ನು ಒಂದು ಚಂದದ ಕಟ್ಟಡದ ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದ. ಯಾವ ಕಟ್ಟಡ ಅಂತ ಗೊತ್ತಾಗಲಿಲ್ಲ. ಮುಂದೆ ನೈಜೀರಿಯಾದ ಅಂತರ್ಯುದ್ಧ, ಬಿಯಾಫ್ರಾ ಯುದ್ಧ ಬಂತು. ಹೊರಗೆ ಕಾಲಿಡಲಾಗದೆ ಮನೆಯಲ್ಲಿ ಕೂತಿದ್ದಾಗ ಹಳೆಯ ‘ರೀಡರ್ಸ್ ಡೈಜೆಸ್ಟ್’ ಸಂಚಿಕೆಯೊಂದು ಕೈಗೆ ಸಿಕ್ಕಿತು. ಅದರಲ್ಲಿ ಅದೇ ಕಟ್ಟಡದ ಚಿತ್ರ ಇತ್ತು, ಸಭೆಯ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಟೆಂಪಲ್. ದಾರಿ ತೆರೆದ ಮೇಲೆ ಅವರು ಸಾಲ್ಟ್ ಲೇಕ್‌ಗೆ ಕಾಗದ ಬರೆದರು. ಪುಸ್ತಕ ಬಂತು, ಕರಪತ್ರ ಬಂತು. ಜನ ಮಾತ್ರ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದನ್ನು ಮರೆಮಾಚದೆ ಹೇಳಬೇಕು. 1852ರಲ್ಲಿ ಬ್ರಿಗಮ್ ಯಂಗ್ ಬಹಿರಂಗವಾಗಿ ಸಾರಿದ ನಿಯಮದ ಪ್ರಕಾರ ಕಪ್ಪು ಜನಾಂಗದ ಗಂಡಸರಿಗೆ ಈ ಸಭೆಯಲ್ಲಿ ಯಾಜಕತ್ವ ಇರಲಿಲ್ಲ. ಇಲ್ಲಿ ಯಾಜಕತ್ವ ಅಂದರೆ ಓದಿ ಪಾದ್ರಿಯಾಗುವುದಲ್ಲ. ಈ ಸಭೆಯ ಊರೂರಿನ ಕೂಟಗಳಲ್ಲಿ ಸಂಬಳದ ಪಾದ್ರಿ ಇಲ್ಲವೇ ಇಲ್ಲ. ರೈತ, ಮೇಷ್ಟ್ರು, ಡ್ರೈವರ್ ಯಾರೇ ಆಗಲಿ, ಸಾಮಾನ್ಯ ಸದಸ್ಯನಿಗೇ ಅದು ಸಿಗುತ್ತದೆ. ಅದಿಲ್ಲದೆ ಭಾನುವಾರದ ರೊಟ್ಟಿ ನೀರು ಹರಸುವಂತಿಲ್ಲ, ದೀಕ್ಷಾಸ್ನಾನ ಕೊಡುವಂತಿಲ್ಲ, ಸಭೆ ನಡೆಸುವಂತಿಲ್ಲ. ಇಡೀ ಊರೇ ಸೇರಿದರೂ ಸಭೆ ನಡೆಸುವವರು ಒಬ್ಬರೂ ಇಲ್ಲ ಅನ್ನುವ ಸ್ಥಿತಿ. ಟೆಂಪಲ್‌ನ ಒಳಗಿನ ಮುಖ್ಯ ಸಂಸ್ಕಾರಗಳು ಕಪ್ಪು ಹೆಂಗಸರಿಗೂ ಇರಲಿಲ್ಲ. 1960ರ ದಶಕದಲ್ಲಿ ಒಮ್ಮೆ ನೈಜೀರಿಯಾಕ್ಕೆ ಮಿಷನರಿಗಳನ್ನು ಕಳಿಸುವ ಪ್ರಯತ್ನ ನಡೆದಿತ್ತು. ಅಮೆರಿಕದಲ್ಲಿ ಓದುತ್ತಿದ್ದ ನೈಜೀರಿಯನ್ ವಿದ್ಯಾರ್ಥಿಯೊಬ್ಬರು 1963ರಲ್ಲಿ ಈ ಭೇದದ ಬಗ್ಗೆ ತಮ್ಮ ದೇಶದ ಪತ್ರಿಕೆಯಲ್ಲಿ ಬರೆದರು. ಸರ್ಕಾರ ವೀಸಾ ಕೊಡಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ ಅಂತ ನನಗೆ ಅನ್ನಿಸುತ್ತದೆ.

ಇತ್ತ ಘಾನಾದ ಕೇಪ್ ಕೋಸ್ಟ್‌ನಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ 1964ರಲ್ಲಿ ಈ ಸಭೆಯ ಪವಿತ್ರ ಗ್ರಂಥವಾದ ‘ಬುಕ್ ಆಫ್ ಮಾರ್ಮನ್’ ಓದಿ ನಂಬಿದವರು. ಯಾರ ಅಪ್ಪಣೆಗೂ ಕಾಯದೆ ಊರೂರು ತಿರುಗಿ ಸಭೆಗಳನ್ನು ಕಟ್ಟಿದರು. ಜನ ಸೇರಿದರು. ಸಾಲ್ಟ್ ಲೇಕ್‌ನಿಂದ ಯಾರೂ ಬರದೆ ಇದ್ದಾಗ ಕೆಲವರು ಬೇಸತ್ತು ಬಿಟ್ಟು ಹೋದರು. ಉಳಿದವರನ್ನು ಕಟ್ಟಿಕೊಂಡು ಜಾನ್ಸನ್ ಕಾದರು.

1978ರ ಜೂನ್‌ನಲ್ಲಿ ಸಭೆಯ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಆ ನಿಯಮ ಕೊನೆಗೊಂಡಿತು ಅಂತ ಘೋಷಿಸಿದರು. ಜಾನ್ಸನ್‌ಗೆ ಆ ಸುದ್ದಿ ತಿಳಿದದ್ದು ನಿದ್ದೆ ಬಾರದ ಒಂದು ರಾತ್ರಿ ಬಿಬಿಸಿ ರೇಡಿಯೋ ಹಚ್ಚಿದಾಗ. ಆಗಸ್ಟ್‌ನಲ್ಲಿ ಟೆಡ್ ಕ್ಯಾನನ್, ಮೆರಿಲ್ ಬೇಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರ ಜೊತೆ ಎರಡೂ ದೇಶ ಸುತ್ತಿ ಪರಿಸ್ಥಿತಿ ನೋಡಿಕೊಂಡು ಬಂದರು. ನವೆಂಬರ್‌ನಲ್ಲಿ ಎರಡೂ ಜೋಡಿ ಹೊರಟವು.

ಹಿರಿಯರೇ ಯಾಕೆ

ಆಗ ಹುಡುಗರು 19ಕ್ಕೆ ಮಿಷನ್‌ಗೆ ಹೋಗುತ್ತಿದ್ದರು. 19ರ ಹುಡುಗನನ್ನು ಕಳಿಸಬೇಕಾದರೆ ಅಲ್ಲಿ ಮೊದಲೇ ಒಂದು ಏರ್ಪಾಡು ಇರಬೇಕು. ಮನೆ, ಕಚೇರಿ, ನೋಡಿಕೊಳ್ಳುವ ಮಿಷನ್ ಅಧ್ಯಕ್ಷ, ಜ್ವರ ಬಂದರೆ ಕೇಳುವವರು. ಇಲ್ಲಿ ಏನೂ ಇರಲಿಲ್ಲ. ಹೋದವರೇ ಎಲ್ಲವನ್ನೂ ತೀರ್ಮಾನಿಸಬೇಕಿತ್ತು. ಟೆಡ್ ಕ್ಯಾನನ್ ಹಿಂದೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ಮಿಷನ್ ಅಧ್ಯಕ್ಷರಾಗಿ ಕೆಲಸ ಮಾಡಿದ್ದರು. ಮೇಬಿಯವರಿಗೆ ಕಾನೂನು ಗೊತ್ತು, ಅಧಿಕಾರಿಗಳ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಗೊತ್ತು. ಜನಾಥ್ ಕ್ಯಾನನ್ 1974ರಿಂದ ರಿಲೀಫ್ ಸೊಸೈಟಿಯ ಮೇಲಿನ ಮಟ್ಟದ ಆಡಳಿತದಲ್ಲಿ ಅಧ್ಯಕ್ಷೆಯ ಮೊದಲ ಸಲಹೆಗಾರ್ತಿಯಾಗಿದ್ದರು. 1842ರಲ್ಲಿ ಶುರುವಾದ ಈ ರಿಲೀಫ್ ಸೊಸೈಟಿ ಮಾರ್ಮನ್ ಹೆಂಗಸರ ಸಂಘ. ಆ ಸ್ಥಾನ ಬಿಟ್ಟು ಅವರು ಗಂಡನ ಜೊತೆ ಹೊರಟರು.

ಇನ್ನೊಂದು ಕಾರಣವೂ ಇದೆ ಅಂತ ನನ್ನ ಅನಿಸಿಕೆ. ವಯಸ್ಸಿಗೆ ಬೆಲೆ ಕೊಡುವ ಸಮಾಜ ಅದು. ಇಗ್ಬೊ ಮನೆಗೆ ನೆಂಟರು ಹೋದರೆ ಮೊದಲು ಕೋಲಾ ಕಾಯಿ ತಂದಿಡುತ್ತಾರೆ. ಅದನ್ನು ಹಿರಿಯರು ಹರಸಿ ಒಡೆದ ಮೇಲೆಯೇ ಮುಂದಿನ ಮಾತು. ನಮ್ಮಲ್ಲಿ ಎಲೆ ಅಡಿಕೆ ತಟ್ಟೆ ಇಡುವುದಿಲ್ವಾ, ಹಾಗೆ. ಅಂಥ ಜಗಲಿಯಲ್ಲಿ ನರೆತ ತಲೆಯವರ ಮಾತಿಗೆ ಸಿಗುವ ಕಿವಿ ಹುಡುಗರಿಗೆ ಸಿಗುವುದಿಲ್ಲ.

ಒಬಿನ್ನಾ ಅವರ ಸಭಾಮನೆಯ ಮುಂದಿನ ಗೋಡೆಯ ಮೇಲೆ ಇವರು ಬರುವ ಮೊದಲೇ ‘ನೈಜೀರಿಯನ್ ಲ್ಯಾಟರ್ ಡೇ ಸೇಂಟ್ಸ್’ ಅಂತ ಬರೆದಿತ್ತು. ಯಾರೂ ಒಪ್ಪಿಗೆ ಕೊಡದ ಹೆಸರನ್ನು ಇಷ್ಟು ವರ್ಷ ಗೋಡೆಯ ಮೇಲೆ ಉಳಿಸಿಕೊಂಡಿದ್ದ ಜನ ಅವರು. ಬಂದ ಹಿರಿಯರಿಗೆ ಆ ಗೋಡೆಯ ಮುಂದೆ ನಿಂತಾಗ ಹೇಗನ್ನಿಸಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ದಿನದ ಕೆಲಸ

ಒಂದು ದೀಕ್ಷಾಸ್ನಾನ ಅಂದರೆ ಎಷ್ಟು ಕೆಲಸ ಅನ್ನುವುದನ್ನು ಬಿಡಿಸಿ ನೋಡೋಣ. ಬರುವ ಪ್ರತಿಯೊಬ್ಬರನ್ನೂ ಬೇರೆಯಾಗಿ ಕೂರಿಸಿ ಮಾತಾಡಿಸಬೇಕು. ನಂಬಿಕೆ ಏನು, ಬದುಕು ಹೇಗೆ, ಹೆಂಡ ಬಿಡಲು ತಯಾರಿದ್ದೀರಾ, ಆದಾಯದ ಹತ್ತರಲ್ಲಿ ಒಂದು ಪಾಲು ಕೊಡಲು ಒಪ್ಪಿಗೆಯೇ, ಹೀಗೆ. ಓದಿದವರ ಜೊತೆ ಇಂಗ್ಲಿಷ್ ನಡೆಯುತ್ತದೆ. ಹಳ್ಳಿಯ ಹಿರಿಯರ ಜೊತೆ ಇಗ್ಬೊ, ಇನ್ನೂ ಪೂರ್ವಕ್ಕೆ ಹೋದರೆ ಎಫಿಕ್. ಆಗ ನಡುವೆ ಒಬ್ಬ ಅನುವಾದಕ ಬೇಕು. ಕೇಳಿದ್ದು ಒಂದು ಸಲ, ತಿರುಗಿಸಿ ಹೇಳಿದ್ದು ಒಂದು ಸಲ, ಉತ್ತರ ಬಂದದ್ದು ಮತ್ತೊಂದು ಸಲ. ಕಾಲು ಗಂಟೆಯ ಮಾತು ಮುಕ್ಕಾಲು ಗಂಟೆ ಹಿಡಿಯುತ್ತದೆ.

ಆಮೇಲೆ ಹೊಳೆ. ಈ ಸಭೆಯಲ್ಲಿ ನೀರು ಚಿಮುಕಿಸಿದರೆ ಆಗುವುದಿಲ್ಲ, ಪೂರ್ತಿ ಮುಳುಗಿಸಬೇಕು. ದಡದಲ್ಲಿ ಇಬ್ಬರು ಸಾಕ್ಷಿಗಳು ನಿಂತು ನೋಡುತ್ತಿರುತ್ತಾರೆ. ತಲೆಯ ಕೂದಲೋ ಬಟ್ಟೆಯ ಅಂಚೋ ಮೇಲೆ ಉಳಿದರೆ ಮತ್ತೊಮ್ಮೆ ಮಾಡಬೇಕು. ಸೊಂಟದವರೆಗಿನ ನೀರಿನಲ್ಲಿ ನಿಂತು ಒಬ್ಬರ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಮಲಗಿಸಿ ಮೇಲೆತ್ತುವುದು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. 70ರ ಮೈಗೆ ಇದು ಸುಲಭದ ಕೆಲಸ ಅಲ್ಲ.

ಆಮೇಲೆ ಕಾಗದ ಪತ್ರ. ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ದೀಕ್ಷೆಯ ದಿನ, ಕೊಟ್ಟವರು ಯಾರು. ಈ ಸಭೆಯವರು ದಾಖಲೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಜನನ ನೋಂದಣಿಯೇ ಇಲ್ಲದ ಹಳ್ಳಿಯಲ್ಲಿ ಅಜ್ಜಿಯೊಬ್ಬಳ ಹುಟ್ಟಿದ ತಾರೀಖು ಕೇಳುವುದು ಅಂದರೆ ಯಾವ ಬರಗಾಲದ ವರ್ಷ, ಯಾರ ಮದುವೆಯ ವರ್ಷ ಅಂತ ಲೆಕ್ಕ ಹಾಕುವುದು.

ಇವರು ಹೊರಡುವಷ್ಟರಲ್ಲಿ, ಅಂದರೆ ಒಂದು ವರ್ಷದಲ್ಲಿ, ಎರಡೂ ದೇಶ ಸೇರಿ 1,700ಕ್ಕೂ ಹೆಚ್ಚು ಸದಸ್ಯರು ಮತ್ತು 35 ಬ್ರಾಂಚ್‌ಗಳು ಆಗಿದ್ದವು. ಬ್ರಾಂಚ್ ಅಂದರೆ ಚಿಕ್ಕ ಸ್ಥಳೀಯ ಸಭೆ. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಐದು ಜನ, ತಿಂಗಳಿಗೆ ಮೂರು ಹೊಸ ಬ್ರಾಂಚ್. ಶುರುವಿನಲ್ಲಿ ಇದ್ದವರು ನಾಲ್ಕೇ ಜನ. ಹೆಂಗಸರಿಗೆ ಯಾಜಕತ್ವ ಇಲ್ಲದ ಕಾರಣ ಹೊರಗಿನಿಂದ ಬಂದವರಲ್ಲಿ ದೀಕ್ಷೆ ಕೊಡಬಲ್ಲವರು ಇಬ್ಬರೇ.

ಊರಿನ ಬದುಕೂ ಹಗುರವಾಗಿರಲಿಲ್ಲ. ಆ ಕಡೆ ಹೋಗುವವರು ಹೊರಡುವ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಿತ್ತು. ಮಲೇರಿಯಾ ತಡೆಯಲು ವಾರ ತಪ್ಪದೆ ಕ್ಲೋರೋಕ್ವಿನ್ ಮಾತ್ರೆ. ನೀರು ಕುದಿಸದೆ ಕುಡಿಯುವ ಹಾಗಿಲ್ಲ. ಅವರು ಬಂದದ್ದು ಸಹಾರಾದ ಧೂಳು ಹೊತ್ತು ತರುವ ಹರ್ಮಟ್ಟಾನ್ ಗಾಳಿಯ ಹೊಸ್ತಿಲಲ್ಲಿ. ಅದು ಮುಗಿದು ಮಳೆ ಹಿಡಿದರೆ ಕೆಂಪು ಮಣ್ಣಿನ ರಸ್ತೆ ಕೆಸರಾಗುತ್ತದೆ. ಘಾನಾದಲ್ಲಂತೂ ಆ ಹೊತ್ತಿಗೆ ಅಂಗಡಿಗಳು ಖಾಲಿ, ಬೆಲೆ ಕೈಗೆ ಸಿಗದ ಹಾಗೆ ಏರಿತ್ತು. 1979ರ ಜೂನ್ 4ರಂದು ಅಲ್ಲಿ ಸೈನಿಕ ದಂಗೆಯೇ ಆಯಿತು.

ಈಗಿನ ಹಿರಿಯ ಜೋಡಿಗಳ ಬದುಕು ಇದಕ್ಕಿಂತ ಎಷ್ಟೋ ಮೆತ್ತಗಿದೆ. 6 ತಿಂಗಳಿಂದ 23 ತಿಂಗಳವರೆಗೆ ಅವಧಿ. ಖರ್ಚು ಬಹುಪಾಲು ಅವರದ್ದೇ. ಗಂಡನನ್ನು ಎಲ್ಡರ್, ಹೆಂಡತಿಯನ್ನು ಸಿಸ್ಟರ್ ಅಂತ ಕರೆಯುತ್ತಾರೆ. ಸ್ವಂತ ಫ್ಲಾಟ್‌ನಲ್ಲಿ ಇರುತ್ತಾರೆ, ಮೊಮ್ಮಕ್ಕಳಿಗೆ ಬೇಕೆಂದಾಗ ಫೋನ್ ಮಾಡುತ್ತಾರೆ, ಹುಡುಗರ ಹಾಗೆ ಮನೆ ಮನೆ ಬಾಗಿಲು ತಟ್ಟಬೇಕಾಗಿಲ್ಲ. ಕಚೇರಿ ಲೆಕ್ಕ, ವಾಹನಗಳ ಉಸ್ತುವಾರಿ, ಹುಡುಗರ ರೂಮು ಚೊಕ್ಕಟವಾಗಿದೆಯೇ ಅಂತ ನೋಡುವುದು, ಕುಡಿಯುವ ನೀರಿನ ಯೋಜನೆ, ಹೊಸ ಸದಸ್ಯರಿಗೆ ಸಭೆ ನಡೆಸಲು ಕಲಿಸುವುದು, ಹೀಗೆ ನೂರು ಕೆಲಸ. ಈ ಕೊನೆಯ ಕೆಲಸದ ಮಾದರಿ ಎಷ್ಟು ಗಟ್ಟಿ ಅನ್ನುವುದು 1978ರ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ.

ಅದೇ ದಿನ ಕೈಗೆ ಕೊಟ್ಟದ್ದು

ನವೆಂಬರ್ 21ಕ್ಕೆ ವಾಪಸ್ ಹೋಗೋಣ. ಹೊಳೆಯಿಂದ ಎದ್ದು ಬಂದ ಅದೇ ದಿನ ಅಬೊ ಬ್ರಾಂಚ್ ಸ್ಥಾಪನೆಯಾಯಿತು. ಆಂಥೊನಿ ಒಬಿನ್ನಾ ಅಧ್ಯಕ್ಷರು. ಸಹೋದರರಾದ ಫ್ರಾನ್ಸಿಸ್ ಮತ್ತು ರೇಮಂಡ್ ಸಲಹೆಗಾರರು. ಹೆಂಡತಿ ಫಿಡೆಲಿಯಾ ಅಲ್ಲಿನ ರಿಲೀಫ್ ಸೊಸೈಟಿಯ ಅಧ್ಯಕ್ಷೆ. ಬೆಳಿಗ್ಗೆ ಸದಸ್ಯರೂ ಅಲ್ಲದವರು ಸಂಜೆಯ ಹೊತ್ತಿಗೆ ಸಭೆಯನ್ನು ನಡೆಸುವವರಾದರು.

ಇದು ಅವಸರ ಅನ್ನಿಸಬಹುದು. ಸ್ವಲ್ಪ ದಿನ ನೋಡಿ, ತರಬೇತಿ ಕೊಟ್ಟು, ಆಮೇಲೆ ಜವಾಬ್ದಾರಿ ಕೊಡಬಹುದಿತ್ತಲ್ಲ ಅಂತ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಅತಿ ಸರಿಯಾದ ಕೆಲಸ ಇದೇ. ವರ್ಷಗಟ್ಟಲೆ ಯಾರ ಸಹಾಯವೂ ಇಲ್ಲದೆ ಜನರನ್ನು ಕೂಡಿಸಿಕೊಂಡು ಬಂದ ಮನುಷ್ಯನಿಗೆ ‘ನೀವು ಇನ್ನೂ ಕಲಿಯಬೇಕು’ ಅನ್ನುವುದಕ್ಕೆ ಯಾವ ಬಾಯಿ ಇದೆ? ಬಂದವರು ತಾವೇ ಅಧ್ಯಕ್ಷರಾಗಿ ಕೂತಿದ್ದರೆ ಊರಿನ ಜನ ಮತ್ತೆ ಕಾಯುವವರಾಗಿಯೇ ಉಳಿಯುತ್ತಿದ್ದರು. ಇಷ್ಟು ಬೇಗ ಬಿಟ್ಟುಕೊಡುವುದಕ್ಕೆ ವಯಸ್ಸೂ ನೆರವಾಗಿರಬೇಕು. ವೃತ್ತಿ, ಅಧಿಕಾರ, ಹೆಸರು ಎಲ್ಲವನ್ನೂ ಒಮ್ಮೆ ಪಡೆದು ಇಳಿಸಿಟ್ಟವರು ಅವರು.

ಡಿಸೆಂಬರ್‌ನಲ್ಲಿ ಘಾನಾಕ್ಕೆ ಹೋದಾಗ ಜಾನ್ಸನ್ ಅವರ ಜನ ನೂರಾರು ಸಂಖ್ಯೆಯಲ್ಲಿ ಕಾದಿದ್ದರು. ಅಲ್ಲೂ ಹೀಗೆಯೇ ಮಾಡಿದರು. ಕೇಪ್ ಕೋಸ್ಟ್‌ನ ಜವಾಬ್ದಾರಿ ಜಾನ್ಸನ್ ಅವರದ್ದೇ ಆಯಿತು.

ಜೋಡಿಯಾಗಿ ಹೋದದ್ದರ ಫಲ ಕಾಣುವುದು ಹೆಂಗಸರು ಮತ್ತು ಮಕ್ಕಳ ನಡುವೆ. ರೇಚಲ್ ಮತ್ತು ಜನಾಥ್ ಅಲ್ಲಿಯ ಹೆಂಗಸರ ಜೊತೆ ಕೂತು ರಿಲೀಫ್ ಸೊಸೈಟಿ ನಡೆಸುವುದನ್ನು ಕಲಿಸಿದರು, ಮಕ್ಕಳಿಗೆ ಹಾಡು ಹೇಳಿಕೊಟ್ಟರು. ಇಬ್ಬರು ಗಂಡಸರು ಮಾತ್ರ ಹೋಗಿದ್ದರೆ ಸಭೆಯ ಅರ್ಧ ಜನ ಗೋಡೆಯ ಪಕ್ಕ ಕೂತು ಕೇಳಿಸಿಕೊಳ್ಳುವವರಾಗಿಯೇ ಇರುತ್ತಿದ್ದರು. ದೀಕ್ಷೆ ಕೊಟ್ಟದ್ದು ಗಂಡಸರು, ಹಾಗಾಗಿ ದಾಖಲೆಯಲ್ಲಿ ಅವರ ಹೆಸರು ಜಾಸ್ತಿ. ಮಕ್ಕಳಿಗೆ ಕಲಿಸಿದ ಹಾಡುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನೋಯಿಸಿದ್ದು

ಎಲ್ಲವೂ ಚೆನ್ನಾಗಿ ನಡೆಯಿತು ಅಂದರೆ ಅದು ಸುಳ್ಳಾಗುತ್ತದೆ.

ಘಾನಾದ ಸಭೆಗಳಲ್ಲಿ ಡೋಲು ಇತ್ತು, ಚಪ್ಪಾಳೆ ಇತ್ತು, ಕುಣಿತ ಇತ್ತು, ಕಾಣಿಕೆ ತಟ್ಟೆ ಸುತ್ತಿಸುವ ರೂಢಿ ಇತ್ತು. ಅಮೆರಿಕದ ಸಭೆಯ ಕ್ರಮದಲ್ಲಿ ಇವು ಯಾವುದೂ ಇಲ್ಲ. ನಿಧಾನದ ಹಾಡು, ಶಾಂತವಾದ ಕೂಟ, ದಶಮಾಂಶವನ್ನು ಗುಟ್ಟಾಗಿ ಲಕೋಟೆಯಲ್ಲಿ ಕೊಡುವುದು. ತಟ್ಟೆ ಹೋದದ್ದು ಒಳ್ಳೆಯದೇ ಆಯಿತು, ಬಡವರು ನಾಚಿಕೊಳ್ಳಬೇಕಾದ ಕಷ್ಟ ತಪ್ಪಿತು. ಡೋಲು ಹೋದದ್ದನ್ನು ಮಾತ್ರ ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ. ಆ ಜನ ಕಾದ ಅಷ್ಟೂ ವರ್ಷ ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಅದೇ ಡೋಲಿನ ಸದ್ದು ತಾನೆ?

ಇದಕ್ಕಿಂತ ಹೆಚ್ಚು ಕಾಡುವುದು ಸೆಕೊಂಡಿಯ ರೆಬೆಕಾ ಮೋಲ್ಡ್ ಅವರ ಕಥೆ. ಆ ಊರಿನಲ್ಲಿ ಸಭೆಯನ್ನು ಕಟ್ಟಿ ನಡೆಸುತ್ತಿದ್ದವರು ಅವರು. ಜನ ಅವರನ್ನು ಪ್ರವಾದಿನಿ ಅಂತ ಗೌರವಿಸುತ್ತಿದ್ದರು. ದೀಕ್ಷೆ ಪಡೆದ ಮೇಲೆ ಸಭೆ ನಡೆಸುವ ಅಧಿಕಾರ ಗಂಡಸರ ಕೈಗೆ ಹೋಯಿತು. ಅವರಿಗೆ ಸಿಕ್ಕಿದ್ದು ಹೆಂಗಸರ ಸಂಘ. ತಾನು ಕಟ್ಟಿದ ಮನೆಯ ಯಜಮಾನಿಕೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಒಳಕೋಣೆಗೆ ಹೋದ ಹಾಗೆ. ಕೆಲವು ವರ್ಷಗಳ ನಂತರ ಅವರು ಸಭೆ ಬಿಟ್ಟು ಹೊರಗೆ ಬಂದರು. ಒಬಿನ್ನಾ ಅವರಿಗೂ ಜಾನ್ಸನ್ ಅವರಿಗೂ ಕಾದದ್ದಕ್ಕೆ ಸಿಕ್ಕ ಫಲ ಈ ಹೆಂಗಸಿಗೆ ಸಿಗಲಿಲ್ಲ. ಬಂದ ಹಿರಿಯರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಅವರು ಹೊತ್ತು ತಂದ ನಿಯಮದಲ್ಲಿ ರೆಬೆಕಾ ಅವರಿಗೆ ಜಾಗ ಇರಲಿಲ್ಲ.

ಹಳೆಯ ಭೇದದ ನೆರಳು ಕೂಡ ಅಷ್ಟು ಬೇಗ ಸರಿಯಲಿಲ್ಲ. ಆ ನಿಯಮಕ್ಕೆ ಹಿಂದೆ ಕೊಡುತ್ತಿದ್ದ ಸಮರ್ಥನೆಗಳನ್ನು ತಾನು ಒಪ್ಪುವುದಿಲ್ಲ ಅಂತ ಸಭೆ ಸ್ಪಷ್ಟವಾಗಿ ಬರೆದು ಪ್ರಕಟಿಸಿದ್ದು 2013ರಲ್ಲಿ. ನೈಜೀರಿಯಾದ ಹೊಳೆಯ ದಿನದಿಂದ ಲೆಕ್ಕ ಹಾಕಿದರೆ ಅದು 35 ವರ್ಷ.

ಅವರು ಹೋದ ಮೇಲೆ

ಒಂದು ವರ್ಷ ಮುಗಿಸಿ ಎರಡೂ ಜೋಡಿ 1979ರ ಕೊನೆಗೆ ಊರಿಗೆ ಹೋದವು. 1980ರ ಜುಲೈನಲ್ಲಿ ಆಫ್ರಿಕಾ ವೆಸ್ಟ್ ಮಿಷನ್ ಶುರುವಾಯಿತು. 1988ರ ಮೇ 15ರಂದು ನೈಜೀರಿಯಾದ ಅಬಾ ನಗರದಲ್ಲಿ ಪಶ್ಚಿಮ ಆಫ್ರಿಕದ ಮೊದಲ ಸ್ಟೇಕ್ ಆಯಿತು. ಸ್ಟೇಕ್ ಅಂದರೆ ಹಲವು ಸ್ಥಳೀಯ ಸಭೆಗಳು ಸೇರಿದ, ತನ್ನ ಕಾಲ ಮೇಲೆ ತಾನು ನಿಲ್ಲುವ ಘಟಕ. ಅದರ ಅಧ್ಯಕ್ಷ ಡೇವಿಡ್ ಎಕಾ ನೈಜೀರಿಯಾದವರೇ. ಘಾನಾದ ಅಕ್ರಾದಲ್ಲಿ 2004ರಲ್ಲಿ, ಅಬಾದಲ್ಲಿ 2005ರಲ್ಲಿ ಟೆಂಪಲ್‌ಗಳು ಪ್ರತಿಷ್ಠೆಯಾದವು. ಕನಸಿನಲ್ಲಿ ಟೆಂಪಲ್ ಕಂಡಿದ್ದ ಒಬಿನ್ನಾ ಮೇಷ್ಟ್ರು ತಮ್ಮದೇ ನಾಡಿನ ಟೆಂಪಲ್ ನೋಡಲು ಇರಲಿಲ್ಲ. 1995ರಲ್ಲಿ ತೀರಿಕೊಂಡಿದ್ದರು.

ಆ ನಾಲ್ವರ ಕೆಲಸಕ್ಕೆ ನಿಜವಾದ ಪರೀಕ್ಷೆ ಬಂದದ್ದು ಘಾನಾದಲ್ಲಿ. 1989ರ ಜೂನ್ 14ರಂದು ಅಲ್ಲಿನ ಸರ್ಕಾರ ಈ ಸಭೆಯ ಚಟುವಟಿಕೆಗಳನ್ನು ನಿಷೇಧಿಸಿತು. ವಿದೇಶಿ ಮಿಷನರಿಗಳು ದೇಶ ಬಿಡಬೇಕಾಯಿತು. ಸಭಾಮನೆಗಳಿಗೆ ಬೀಗ ಬಿತ್ತು. ಅಲ್ಲಿಯವರು ಆ ಕಾಲವನ್ನು ಈಗಲೂ ‘ಫ್ರೀಜ್’ ಅಂತಲೇ ಕರೆಯುತ್ತಾರೆ.

ನಿಷೇಧ 1990ರ ನವೆಂಬರ್ ಕೊನೆಯವರೆಗೆ ಇತ್ತು. ಹತ್ತಿರ ಹತ್ತಿರ ಒಂದೂವರೆ ವರ್ಷ. ಸಾಲ್ಟ್ ಲೇಕ್‌ನಿಂದ ಬಂದು ನಡೆಸಿಕೊಡುವವರು ಆಗ ಯಾರೂ ಇರಲಿಲ್ಲ. ಭಾನುವಾರ ಬಂದರೆ ಘಾನಾದ ಸದಸ್ಯರು ತಮ್ಮ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಊಟದ ಮೇಜಿನ ಮೇಲೆ ಒಂದು ತುಂಡು ರೊಟ್ಟಿ, ಒಂದು ಲೋಟ ನೀರು. ಹರಸಲು ಯಾಜಕತ್ವ ಬೇಕು, ಅದು ಆ ಮನೆಗಳಲ್ಲೇ ಇತ್ತು. ಮನೆಯ ಗಂಡಸು ಮಂಡಿಯೂರಿ ಪ್ರಾರ್ಥನೆ ಹೇಳುತ್ತಿದ್ದ, ರೊಟ್ಟಿ ಮುರಿದು ಹೆಂಡತಿಗೆ, ಮಕ್ಕಳಿಗೆ ಕೊಡುತ್ತಿದ್ದ.